ಎಡಿಎಚ್‌ಡಿ ಚಿಕಿತ್ಸೆ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸುವುದು, ಕೂತಲ್ಲಿ ಕೂರುವುದು ಕಷ್ಟವಾಗುವ ತೊಂದರೆ ಇದೆ ಅಂತ ಗೊತ್ತಾದಾಗ ಅವನಿಗೆ ಎಂಟು ವರ್ಷ. ಈಗ ಹದಿಮೂರು. ಈ ಐದು ವರ್ಷದಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು, ಶಾಲೆ ಗೇಟಿನ ಹತ್ತಿರ ಸಿಕ್ಕವರು, ನೆಂಟರ ಹತ್ತಿರ ನಂಬರ್ ತಗೊಂಡು ಫೋನ್ ಮಾಡಿದವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ನಾನೂ ಇವನ್ನೇ ಕೇಳಿದ್ದೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ನಿಮ್ಮ ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ ಅನ್ನುವುದಷ್ಟೇ ನನ್ನ ಆಸೆ.

ಇದು ನಿಜವಾಗಲೂ ಕಾಯಿಲೆನಾ? ಮಕ್ಕಳು ಅಂದಮೇಲೆ ತುಂಟತನ ಇರಲ್ವಾ?

ಇರುತ್ತದೆ, ಇರಲೇಬೇಕು. ಆದರೆ ಎಡಿಎಚ್‌ಡಿ ಇರುವ ಮಗು ಕೂತು ಬರೆಯಬೇಕು ಅಂತ ತಾನೇ ಅಂದುಕೊಂಡಾಗಲೂ ಆಗದೆ ಒದ್ದಾಡುತ್ತದೆ.

ನನ್ನ ಮಗನ ಎರಡನೇ ಕ್ಲಾಸಿನ ಕನ್ನಡ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ. ಬೋರ್ಡ್ ನೋಡಿ ಬರೆದ ಸಾಲುಗಳೆಲ್ಲ ಅರ್ಧಕ್ಕೆ ನಿಂತಿವೆ. ‘ನಮ್ಮ ಊರಿನ ಕೆರೆ’ ಅಂತ ಬರೆದು ಅಲ್ಲಿಗೇ ಬಿಟ್ಟಿದ್ದಾನೆ. ಅದರ ಕೆಳಗೆ ಇನ್ಯಾವುದೋ ಸಾಲು, ಅದೂ ಮಧ್ಯದಿಂದ ಶುರು. ಪುಟ ಪುಟಕ್ಕೂ ಕೆಂಪು ಇಂಕಿನಲ್ಲಿ ‘ಅಪೂರ್ಣ’. ಒಂದು ಪುಟದಲ್ಲಿ ಪೇಪರ್ ಹರಿಯುವ ಹಾಗೆ ಅಳಿಸಿ ಮತ್ತೆ ಬರೆದಿದ್ದಾನೆ. ಆ ಹರಿದ ಜಾಗ ನೋಡಿದರೆ ಮಗು ಎಷ್ಟು ಪ್ರಯತ್ನ ಪಟ್ಟಿದೆ ಅಂತ ಗೊತ್ತಾಗುತ್ತದೆ. ಆಗ ನನಗೆ ಕಂಡಿದ್ದು ಕೆಂಪು ಇಂಕು ಮಾತ್ರ.

ಡಾಕ್ಟರು ನೋಡುವುದು ಹೀಗೆ. ಲಕ್ಷಣಗಳು ಆರು ತಿಂಗಳಿಂದಲಾದರೂ ಇವೆಯಾ? 12 ವರ್ಷ ತುಂಬುವ ಮುಂಚೆಯೇ ಶುರುವಾಗಿದ್ದವಾ? ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಾಣುತ್ತಿವೆಯಾ? ಅದರಿಂದ ಓದು, ಗೆಳೆತನ, ದಿನದ ಕೆಲಸ ಕೆಡುತ್ತಿದೆಯಾ? ಇಷ್ಟಕ್ಕೂ ಹೌದು ಅಂದರೆ ಮಾತ್ರ ಮುಂದಿನ ಮಾತು. ಇದರಲ್ಲಿ ಮೂರು ಬಗೆ ಇದೆ. ಕೆಲವರಿಗೆ ಗಮನ ನಿಲ್ಲಿಸುವುದೇ ಕಷ್ಟ. ಕೆಲವರಿಗೆ ಕೂತಲ್ಲಿ ಕೂರುವುದು, ತಡೆದುಕೊಳ್ಳುವುದು ಕಷ್ಟ. ಕೆಲವರಿಗೆ ಎರಡೂ. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆ. ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದರೆ ಒಬ್ಬಿಬ್ಬರು.

ಸ್ಕ್ಯಾನ್ ಅಥವಾ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?

ಇಲ್ಲ. ಎಡಿಎಚ್‌ಡಿ ಹೌದಾ ಅಲ್ಲವಾ ಅಂತ ಹೇಳುವ ಸ್ಕ್ಯಾನ್ ಆಗಲಿ ರಕ್ತ ಪರೀಕ್ಷೆ ಆಗಲಿ ಇಲ್ಲ. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮಾಡಿ ಕಂಡುಹಿಡಿಯುತ್ತೇವೆ ಅಂದರೆ ನಂಬಬೇಡಿ. ಮಗುವನ್ನು ಗಮನಿಸಿ, ಮನೆಯವರ ಹತ್ತಿರ ಮಾತಾಡಿ, ಟೀಚರ್ ಹತ್ತಿರ ಪ್ರಶ್ನಾವಳಿ ತುಂಬಿಸಿಕೊಂಡು ತೀರ್ಮಾನ ಮಾಡುತ್ತಾರೆ.

ಆದರೂ ಕೆಲವು ಪರೀಕ್ಷೆ ಬರೆದುಕೊಡಬಹುದು. ಕಿವಿ ಸರಿಯಾಗಿ ಕೇಳಿಸದ ಮಗು, ಬೋರ್ಡ್ ಕಾಣದ ಮಗು, ರಾತ್ರಿ ಗೊರಕೆ ಹೊಡೆದು ಸರಿಯಾಗಿ ನಿದ್ದೆ ಮಾಡದ ಮಗು, ಥೈರಾಯ್ಡ್ ತೊಂದರೆ ಇರುವ ಮಗು, ಇವರಿಗೂ ಗಮನ ನಿಲ್ಲುವುದಿಲ್ಲ. ಅಂಥದ್ದೇನಾದರೂ ಇದೆಯಾ ಅಂತ ನೋಡಲು ಆ ಪರೀಕ್ಷೆಗಳು. ಓದು ಬರಹದ ಕಲಿಕಾ ತೊಂದರೆ ಜೊತೆಗೇ ಇರುವುದೂ ಉಂಟು. ಅದನ್ನೂ ನೋಡಿಸಿಬಿಡಿ. ಗಮನಕ್ಕೆ ಮಾತ್ರೆ ಕೊಟ್ಟರೆ ಆ ತೊಂದರೆ ಸರಿಹೋಗುವುದಿಲ್ಲ.

ನಾವು ಬೆಳೆಸಿದ ರೀತಿ ಸರಿಯಿಲ್ಲದೆ ಬಂತಾ?

ಇಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಎಡಿಎಚ್‌ಡಿ ಬಹುಪಾಲು ವಂಶದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ಆನುವಂಶಿಕತೆಯ ಪಾಲು ಶೇ. 70ರಿಂದ 80. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಹುಟ್ಟುವಾಗ ತೂಕ ಕಡಿಮೆ ಇದ್ದ ಮಕ್ಕಳಲ್ಲೂ ಸ್ವಲ್ಪ ಜಾಸ್ತಿ.

ಡಾಕ್ಟರು ಮಗನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದ ಹಾಗೆ ನಮ್ಮ ಮನೆಯವರು ತಲೆ ಬಗ್ಗಿಸಿಕೊಂಡು ಕೂತಿದ್ದರು. ಹೊರಗೆ ಬಂದಮೇಲೆ ಅವರು ಹೇಳಿದ್ದು ಒಂದೇ ಮಾತು: "ಅಷ್ಟೂ ನನಗೇ ಕೇಳಿದ ಹಾಗಿತ್ತು." ಚಿಕ್ಕವರಿದ್ದಾಗ ಅವರು ತಿಂದ ಏಟಿನ ಕಥೆ ನನಗೆ ಆವತ್ತೇ ಮೊದಲು ಗೊತ್ತಾಗಿದ್ದು.

ಯಾರಿಗೆ ತೋರಿಸಬೇಕು? ಬೆಂಗಳೂರಿಗೇ ಹೋಗಬೇಕಾ?

ಮೊದಲು ನಿಮ್ಮ ಮಕ್ಕಳ ಡಾಕ್ಟರಿಗೆ ಹೇಳಿ. ಆಮೇಲೆ ಮನೋವೈದ್ಯರು, ಅದರಲ್ಲೂ ಮಕ್ಕಳ ಮನೋವೈದ್ಯರು ಸಿಕ್ಕರೆ ಒಳ್ಳೆಯದು. ಬೆಳವಣಿಗೆ ತೊಂದರೆಗಳನ್ನು ನೋಡುವ ಮಕ್ಕಳ ತಜ್ಞರೂ ಇರುತ್ತಾರೆ. ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ತರಬೇತಿ ಕೊಡುತ್ತಾರೆ. ಮಾತ್ರೆ ಬರೆಯುವವರು ಮಾತ್ರ ಎಂಬಿಬಿಎಸ್ ಓದಿದ ಡಾಕ್ಟರೇ ಆಗಿರಬೇಕು.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಕೇಳುವುದು, ಮಾತು, ಭಾಷೆಯ ತೊಂದರೆ ಜೊತೆಗಿದ್ದರೆ ಮೈಸೂರಿನ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಅವರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ನಿಮ್ಮ ಊರಿಗೆ ಯಾವ ವಾರ ಅಂತ ವಿಚಾರಿಸಿ.

ಸರ್ಕಾರಿ ಶಾಲೆಗೆ, ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಹೇಳಬಹುದು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಏನೂ ತೋಚದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗುಣ ಆಗುತ್ತಾ? ಏನೇನು ಚಿಕಿತ್ಸೆ ಇದೆ?

ಜ್ವರ ಬಿಡುವ ಹಾಗೆ ಬಿಡುವಂಥದ್ದಲ್ಲ. ಕನ್ನಡಕ ಹಾಕಿಕೊಂಡ ಹಾಗೆ ಅಂತ ನಮ್ಮ ಡಾಕ್ಟರು ಹೇಳಿದ್ದರು. ಹಾಕಿಕೊಂಡಿರುವಷ್ಟು ಹೊತ್ತು ಕಾಣುತ್ತದೆ. ಆ ಹೊತ್ತಿನಲ್ಲಿ ಮಗು ಓದು ಕಲಿಯುತ್ತದೆ, ಗೆಳೆಯರನ್ನು ಮಾಡಿಕೊಳ್ಳುತ್ತದೆ, ಒಳ್ಳೆಯ ಅಭ್ಯಾಸ ರೂಢಿಸಿಕೊಳ್ಳುತ್ತದೆ. ಕೆಲವರಿಗೆ ದೊಡ್ಡವರಾದ ಹಾಗೆ ಲಕ್ಷಣ ಕಡಿಮೆಯಾಗುತ್ತದೆ. ಮೈ ಚಟುವಟಿಕೆ ಮೊದಲು ತಗ್ಗುತ್ತದೆ, ಗಮನದ ತೊಂದರೆ ಉಳಿದುಕೊಳ್ಳುವುದು ಜಾಸ್ತಿ.

ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ದಾರಿ. ಅಪ್ಪ ಅಮ್ಮನಿಗೆ ತರಬೇತಿ, ಔಷಧಿ, ಶಾಲೆಯಲ್ಲಿ ಬದಲಾವಣೆ. ಹೆಚ್ಚಿನ ಮಕ್ಕಳಿಗೆ ಇವುಗಳಲ್ಲಿ ಒಂದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಅದೂ ಒಂದೇ ಅಳತೆಯಲ್ಲಿ ಕೊನೆಯವರೆಗೂ ಇರುವುದಿಲ್ಲ. ನನ್ನ ಮಗನಿಗೆ ಮೂರನೇ ಕ್ಲಾಸಿನಲ್ಲಿ ಹೊಂದಿದ್ದು ಆರನೇ ಕ್ಲಾಸಿಗೆ ಸಾಲಲಿಲ್ಲ. ಪ್ರತಿ ವರ್ಷ ಕೂತು ಯೋಚನೆ ಮಾಡುತ್ತೇವೆ. ಈ ವರ್ಷ ಅವನಿಗೆ ಯಾವುದು ಕಷ್ಟ ಆಗುತ್ತಿದೆ? ಅಲ್ಲಿಂದ ಶುರು ಮಾಡುತ್ತೇವೆ.

ಮಾತ್ರೆ ಇಲ್ಲದೆ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾದರೆ ಮೊದಲು ಮಾತ್ರೆ ಬೇಡ, ಅಪ್ಪ ಅಮ್ಮನಿಗೆ ತರಬೇತಿ ಕೊಡಿ ಅಂತಲೇ ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ ಹೇಳುತ್ತದೆ. ಆರು ದಾಟಿದಮೇಲೆ ಔಷಧಿ ಮತ್ತು ತರಬೇತಿ ಎರಡೂ ಇರಲಿ ಅನ್ನುತ್ತದೆ. ತೊಂದರೆ ತೀರಾ ಕಡಿಮೆ ಇದ್ದರೆ ತರಬೇತಿ, ಶಾಲೆಯ ಸಹಾಯ ಇಷ್ಟರಲ್ಲೇ ಸಾಗುವ ಮಕ್ಕಳೂ ಇದ್ದಾರೆ.

ಅಮೆರಿಕದಲ್ಲಿ ಎಂಟಿಎ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಬಂದಿದ್ದು 1999ರಲ್ಲಿ. 7ರಿಂದ 9 ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ಚಿಕಿತ್ಸೆ ಕೊಟ್ಟು ನೋಡಿದರು. ಗಮನ, ಚಡಪಡಿಕೆಯಂಥ ಮೂಲ ಲಕ್ಷಣಗಳಿಗೆ ಸರಿಯಾಗಿ ಅಳೆದು ಕೊಟ್ಟ ಔಷಧಿಯೇ ಜಾಸ್ತಿ ಕೆಲಸ ಮಾಡಿತು. ಆದರೆ ಔಷಧಿ, ತರಬೇತಿ ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಯಿತು. ಮನೆಯವರಿಗೂ ಅದೇ ಹೆಚ್ಚು ಸಮಾಧಾನ ತಂದಿತು. ಮೂರು ವರ್ಷ ಆದಮೇಲೆ ನೋಡಿದಾಗ ಗುಂಪು ಗುಂಪಿನ ನಡುವಿನ ವ್ಯತ್ಯಾಸ ಉಳಿದಿರಲಿಲ್ಲ. ನಾನು ಇದರಿಂದ ಅರ್ಥ ಮಾಡಿಕೊಂಡಿದ್ದು ಇಷ್ಟು. ಒಂದು ವರ್ಷ ಚೆನ್ನಾಗಿ ಮಾಡಿ ಬಿಟ್ಟರೆ ಆಗಲಿಲ್ಲ, ನೋಡಿಕೊಳ್ಳುತ್ತಲೇ ಇರಬೇಕು.

ನಾವು ಮಾತ್ರೆ ಬೇಡ ಅಂತ ಒಂದೂವರೆ ವರ್ಷ ಮುಂದಕ್ಕೆ ಹಾಕಿದೆವು. ಆ ಒಂದೂವರೆ ವರ್ಷದಲ್ಲಿ ಮಗ "ನಾನು ದಡ್ಡ" ಅನ್ನುವ ಮಾತು ಕಲಿತ. ಮಾತ್ರೆ ಶುರು ಮಾಡಿದಮೇಲೆ ಬರವಣಿಗೆ ಬೇಗ ಸುಧಾರಿಸಿತು. ಆ ಮಾತು ಹೋಗಲು ತುಂಬಾ ದಿನ ಬೇಕಾಯಿತು. ಬೇಡ ಅನ್ನುವುದು ನಿಮ್ಮ ಹಕ್ಕು, ಆದರೆ ಹಾಗೆ ಅನ್ನುವಾಗ ಇದೂ ಲೆಕ್ಕಕ್ಕೆ ಬರಲಿ.

ಅಪ್ಪ ಅಮ್ಮನಿಗೆ ತರಬೇತಿ ಅಂದರೆ ಏನು? ತೊಂದರೆ ಮಗುವಿಗೆ ತಾನೇ?

ನನಗೂ ಮೊದಲು ಸಿಟ್ಟು ಬಂದಿತ್ತು. ನನ್ನದೇ ತಪ್ಪು ಅಂತ ಸುತ್ತಿಬಳಸಿ ಹೇಳುತ್ತಿದ್ದಾರೆ ಅನ್ನಿಸಿತ್ತು. ಹಾಗಲ್ಲ. ಈ ಮಕ್ಕಳಿಗೆ ನಾಳೆ ಸಿಗುವ ಬಹುಮಾನ, ಮುಂದಿನ ವಾರದ ಶಿಕ್ಷೆ ಮನಸ್ಸಿಗೆ ನಾಟುವುದಿಲ್ಲ. ಈಗಲೇ, ಇಲ್ಲೇ, ಕಣ್ಣಿಗೆ ಕಾಣುವಂತೆ ಏನಾದರೂ ಆಗಬೇಕು. ಹಾಗೆ ನಡೆದುಕೊಳ್ಳುವುದು ನಮಗೆ ರೂಢಿ ಇಲ್ಲ. ಅದನ್ನು ಹೇಳಿಕೊಡುತ್ತಾರೆ.

ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಅಡುಗೆಮನೆಯಲ್ಲಿ ಒಂದು ಖಾಲಿ ಗಾಜಿನ ಬಾಟ್ಲಿ ಇಟ್ಟೆ. ಪಕ್ಕದಲ್ಲಿ ಒಂದು ಬಟ್ಟಲು ಹುಣಸೆ ಬೀಜ. ಬೆಳಗ್ಗೆ ಮೂರು ಕೆಲಸ: ಹಲ್ಲುಜ್ಜುವುದು, ಸ್ನಾನ, ಬ್ಯಾಗಿಗೆ ಡಬ್ಬಿ ಹಾಕಿಕೊಳ್ಳುವುದು. ಒಂದೊಂದು ಆದ ತಕ್ಷಣ ಒಂದು ಬೀಜ ಅವನೇ ಹಾಕಬೇಕು. ಬೀಜ ಗಾಜಿಗೆ ಬಡಿದು ಟಣ್ ಅನ್ನುತ್ತದಲ್ಲ, ಅದು ಅವನಿಗೆ ಇಷ್ಟ. ಹತ್ತು ಬೀಜ ಆದರೆ ಸಂಜೆ ಅಪ್ಪನ ಜೊತೆ ಕ್ರಿಕೆಟ್. ಹಾಕಿದ ಬೀಜವನ್ನು ಯಾವ ಕಾರಣಕ್ಕೂ ವಾಪಸ್ ತೆಗೆಯುವಂತಿಲ್ಲ. ಈ ಒಂದು ನಿಯಮ ನನಗೆ ತುಂಬಾ ಕಷ್ಟ ಆಯಿತು. ಸಿಟ್ಟು ಬಂದಾಗ ಕೈ ಬಾಟ್ಲಿ ಕಡೆಗೇ ಹೋಗುತ್ತಿತ್ತು.

ಇನ್ನು ಕೆಲವು ಚಿಕ್ಕ ಪಾಠ. ಅಡುಗೆಮನೆಯಿಂದ ಕೂಗಿ ಹೇಳಬೇಡಿ, ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು ಹೇಳಿ. ಒಂದು ಸಲಕ್ಕೆ ಒಂದೇ ಮಾತು. "ಶೂ ತೆಗೆದು, ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ಬಾ" ಅಂದರೆ ಶೂ ತೆಗೆಯುವಷ್ಟರಲ್ಲಿ ಉಳಿದದ್ದು ಹೋಗಿರುತ್ತದೆ. ಹೋಮ್‌ವರ್ಕ್ ಹದಿನೈದು ನಿಮಿಷ, ಐದು ನಿಮಿಷ ಓಡಾಟ, ಮತ್ತೆ ಹದಿನೈದು ನಿಮಿಷ. ಸರಿಯಾಗಿ ಮಾಡಿದಾಗ ಬಾಯಿ ಬಿಟ್ಟು ಹೇಳಿ. ಚಿಕ್ಕ ತಪ್ಪುಗಳನ್ನು ನೋಡಿಯೂ ನೋಡದ ಹಾಗೆ ಬಿಡಿ. ಹೊಡೆಯುವುದು ಬೇಡವೇ ಬೇಡ.

ಯಾವ ಔಷಧಿ ಕೊಡುತ್ತಾರೆ? ಅದು ಹೇಗೆ ಕೆಲಸ ಮಾಡುತ್ತದೆ?

ನಮ್ಮಲ್ಲಿ ಮೊದಲು ಕೊಡುವುದು ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್. ಇನ್‌ಸ್ಪೈರಲ್, ಆಡ್‌ವೈಜ್ ಹೀಗೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಮಿದುಳಿನಲ್ಲಿ ಡೋಪಮಿನ್, ನಾರ್‌ಎಪಿನೆಫ್ರಿನ್ ಅನ್ನುವ ರಾಸಾಯನಿಕಗಳು ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುತ್ತವೆ. ಅವು ಬೇಗ ವಾಪಸ್ ಹೀರಿಕೊಂಡು ಹೋಗದಂತೆ ಈ ಔಷಧಿ ತಡೆಯುತ್ತದೆ. ಆಗ ಒಂದು ಕೆಲಸದ ಮೇಲೆ ಮನಸ್ಸು ನಿಲ್ಲುವುದು ಸುಲಭವಾಗುತ್ತದೆ.

ಇದು ಹೊಸ ಔಷಧಿ ಅಲ್ಲ. 1944ರಲ್ಲಿ ಸ್ವಿಟ್ಜರ್‌ಲೆಂಡ್‌ನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೋ ಪನಿಜೋನ್ ಅನ್ನುವ ರಸಾಯನ ವಿಜ್ಞಾನಿ ತಯಾರಿಸಿದ್ದು. ಅವರ ಹೆಂಡತಿಯನ್ನು ಮನೆಯಲ್ಲಿ ರೀಟಾ ಅಂತ ಕರೆಯುತ್ತಿದ್ದರು. ಆ ಹೆಸರಿನಿಂದಲೇ ರಿಟಾಲಿನ್ ಅನ್ನುವ ಬ್ರಾಂಡ್ ಹುಟ್ಟಿತು. ಎಷ್ಟೋ ದಶಕಗಳ ಬಳಕೆಯಲ್ಲಿ ಇದರ ಒಳ್ಳೆಯದು, ಕೆಟ್ಟದ್ದು ಎರಡೂ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಾಗಿದೆ ಅನ್ನುವುದು ನನಗೆ ಧೈರ್ಯ ಕೊಟ್ಟ ವಿಷಯ.

ಸಾದಾ ಮಾತ್ರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಮೂರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ ಎಂಟು ಗಂಟೆ, ಕೆಲವು ಹನ್ನೆರಡು ಗಂಟೆವರೆಗೂ ಬರುತ್ತವೆ. ಆ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಕಡಿಮೆ ಡೋಸ್‌ನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಮೊದಲ ತಿಂಗಳು ಡಾಕ್ಟರ ಹತ್ತಿರ ಆಗಾಗ ಹೋಗಬೇಕಾಗುತ್ತದೆ. "ಐದು ಮಿಲಿಗ್ರಾಂ ಕೊಟ್ಟೆವು, ಏನೂ ಆಗಲಿಲ್ಲ" ಅಂತ ಅಲ್ಲಿಗೇ ಬಿಟ್ಟವರನ್ನು ನೋಡಿದ್ದೇನೆ. ಅದು ಶುರು ಅಷ್ಟೇ.

ಶುರು ಮಾಡುವ ಮುಂಚೆ ಹೃದಯದ ವಿಷಯ ಕೇಳುತ್ತಾರೆ. ಮಗು ಆಡುವಾಗ ತಲೆ ತಿರುಗಿ ಬಿದ್ದಿತ್ತಾ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರಿದ್ದಾರಾ ಅಂತ. ನೆನಪು ಮಾಡಿಕೊಂಡು ಸರಿಯಾಗಿ ಹೇಳಿ. ಮುಚ್ಚಿಡಬೇಡಿ.

ಅಡ್ಡ ಪರಿಣಾಮ ಏನಿದೆ?

ಹಸಿವು ಕಡಿಮೆ ಆಗುವುದೇ ಎಲ್ಲಕ್ಕಿಂತ ಜಾಸ್ತಿ ಕಾಣುವುದು. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ನಮ್ಮ ಮನೆಯಲ್ಲಿ ಮೊದಲ ತಿಂಗಳು ಅದೇ ಜಗಳ. ಆಮೇಲೆ ಊಟದ ಸಮಯವನ್ನೇ ಬದಲಾಯಿಸಿದೆವು. ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ. ಎರಡು ಇಡ್ಲಿ ತಿನ್ನುವವನಿಗೆ ಬೆಣ್ಣೆ ಹಾಕಿದ ದೋಸೆ, ಒಂದು ಮೊಟ್ಟೆ. ಡಬ್ಬಿಗೆ ಜಾಸ್ತಿ ಹಾಕುವುದು ಬಿಟ್ಟೆ, ಎರಡು ಶೇಂಗಾ ಉಂಡೆ ಇಟ್ಟೆ. ಸಂಜೆ ಐದರ ಹೊತ್ತಿಗೆ ಮಾತ್ರೆಯ ಪ್ರಭಾವ ಇಳಿದಮೇಲೆ ಹಸಿವು ಒಂದೇ ಸಲ ಬರುತ್ತದೆ. ಆಗ ಬಿಸ್ಕತ್ತು ಕೊಟ್ಟು ಕೆಡಿಸದೆ ಊಟವನ್ನೇ ಬಡಿಸಿಬಿಡುತ್ತೇನೆ. ರಾತ್ರಿ ಮಲಗುವ ಮುಂಚೆ ಮತ್ತೊಂದು ಬಟ್ಟಲು ಮೊಸರನ್ನ.

ನಿದ್ದೆ ತಡವಾಗುವುದು, ಹೊಟ್ಟೆ ನೋವು, ತಲೆ ನೋವು ಕೂಡ ಬರಬಹುದು. ಬಹಳಷ್ಟು ಮಕ್ಕಳಿಗೆ ಕೆಲವು ವಾರದಲ್ಲಿ ಕಡಿಮೆಯಾಗುತ್ತದೆ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳು ಅಳುತ್ತಾರೆ, ಸಿಡುಕುತ್ತಾರೆ. ಶಾಲೆಯಿಂದ ಬಂದ ತಕ್ಷಣ ಟ್ಯೂಷನ್‌ಗೆ ಕಳಿಸುವವರು ಆ ಒಂದು ಗಂಟೆಯನ್ನು ಖಾಲಿ ಬಿಟ್ಟು ನೋಡಿ. ನಾಡಿ, ಬಿಪಿ ಸ್ವಲ್ಪ ಏರಬಹುದು. ಎತ್ತರ ಸ್ವಲ್ಪ ನಿಧಾನ ಆಗಬಹುದು, ವರ್ಷಗಟ್ಟಲೆ ತಗೊಂಡವರಲ್ಲೂ ಕೊನೆಗೆ ಒಂದೆರಡು ಸೆಂಟಿಮೀಟರ್ ಲೆಕ್ಕ. ಅದಕ್ಕೇ ಪ್ರತಿ ಭೇಟಿಯಲ್ಲೂ ಎತ್ತರ, ತೂಕ, ಬಿಪಿ, ನಾಡಿ ನೋಡಬೇಕು. ನೋಡದಿದ್ದರೆ ನೀವೇ ಕೇಳಿ.

ಎದೆ ನೋವು, ತಲೆ ತಿರುಗಿ ಬೀಳುವುದು, ಇಲ್ಲದ್ದು ಕಾಣುತ್ತದೆ ಕೇಳುತ್ತದೆ ಅನ್ನುವುದು, ಇವು ಅಪರೂಪ. ಆದರೆ ಹಾಗೇನಾದರೂ ಆದಾಗ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.

ಮಗು ಮಂಕಾಗಿಬಿಡುತ್ತಾ?

ಆಗಬಾರದು. ಮಗು ಗೊಂಬೆ ಹಾಗೆ ಕೂತಿದ್ದರೆ ಡೋಸ್ ಜಾಸ್ತಿ ಆಗಿದೆ, ಇಲ್ಲವೇ ಆ ಔಷಧಿ ಹೊಂದುತ್ತಿಲ್ಲ ಅಂತ ಅರ್ಥ. ಟೀಚರಿಗೆ ಸಮಾಧಾನ ಆಯಿತು ಅಂತ ಅದನ್ನೇ ಮುಂದುವರಿಸಬೇಡಿ. ಡೋಸ್ ಸರಿಯಾಗಿದ್ದರೆ ನಿಮ್ಮ ಮಗು ನಿಮ್ಮ ಮಗುವಾಗಿಯೇ ಇರುತ್ತದೆ. ನನ್ನ ಮಗ ಈಗಲೂ ಊಟ ಮಾಡುವಾಗ ಹತ್ತು ಸಲ ಏಳುತ್ತಾನೆ, ರಸ್ತೆಯ ನಾಯಿಗಳಿಗೆಲ್ಲ ಹೆಸರಿಡುತ್ತಾನೆ. ಗಣಿತದ ಲೆಕ್ಕ ಮಾತ್ರ ಕೊನೆಯವರೆಗೆ ಮಾಡುತ್ತಾನೆ.

ಚಟ ಹತ್ತುತ್ತಾ?

ಡಾಕ್ಟರು ಹೇಳಿದ ಡೋಸ್‌ನಲ್ಲಿ ಬಾಯಿಂದ ತಗೊಂಡರೆ ಹಾಗಾಗುವುದು ತೀರಾ ಅಪರೂಪ. ಚಿಕ್ಕಂದಿನಲ್ಲಿ ಈ ಚಿಕಿತ್ಸೆ ತಗೊಂಡವರಿಗೆ ಮುಂದೆ ಕುಡಿತ, ಡ್ರಗ್ಸ್ ಚಟ ಹೆಚ್ಚಾಗಿದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ಈ ಔಷಧಿಯನ್ನು ಬೇಡದವರು ದುರ್ಬಳಕೆ ಮಾಡುವುದು ಉಂಟು. ಕಾಲೇಜು ಹುಡುಗರು ಪರೀಕ್ಷೆಗೆ ಓದಲು ಅಂತ ಕೇಳುತ್ತಾರೆ. ಆದ್ದರಿಂದ ಮಾತ್ರೆ ಬೀಗದ ಕಪಾಟಿನಲ್ಲಿರಲಿ, ಎಣಿಕೆ ನಿಮ್ಮ ಹತ್ತಿರ ಇರಲಿ.

ಮೆಡಿಕಲ್ ಶಾಪ್‌ಗಳಲ್ಲಿ ಯಾಕೆ ಸಿಗಲ್ಲ?

ಮೀಥೈಲ್‌ಫೆನಿಡೇಟ್ ಕಾನೂನಿನಲ್ಲಿ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಅದನ್ನು ಮಾರಲು ಅಂಗಡಿಯವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆದುಕೊಡಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ಸಣ್ಣ ಊರಿನ ಅಂಗಡಿಯವರು ಇಡುವುದೇ ಇಲ್ಲ. ನಾನು ಒಂದು ಸಂಜೆ ಏಳು ಅಂಗಡಿ ತಿರುಗಿದ್ದೇನೆ. ಒಬ್ಬರು ಚೀಟಿ ನೋಡಿ, ಮಗನನ್ನು ನೋಡಿ, ಚೀಟಿಯನ್ನು ಕೌಂಟರ್ ಮೇಲೆ ತಳ್ಳಿದರು. ಆವತ್ತು ಅತ್ತಿದ್ದೆ.

ಎರಡು ಉಪಾಯ. ಎಲ್ಲಿ ಸಿಗುತ್ತದೆ ಅಂತ ಆಸ್ಪತ್ರೆಯಲ್ಲೇ ಕೇಳಿಕೊಂಡು ಬನ್ನಿ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಓಡಾಡಿ.

ಬೇರೆ ಔಷಧಿ ಇಲ್ವಾ?

ಇವೆ. ಎಟಮಾಕ್ಸೆಟಿನ್ ಮೀಥೈಲ್‌ಫೆನಿಡೇಟ್ ಹಾಗೆ ಉತ್ತೇಜಕ ಗುಂಪಿಗೆ ಸೇರಿದ್ದಲ್ಲ. ಮೀಥೈಲ್‌ಫೆನಿಡೇಟ್ ಹೊಂದದವರಿಗೆ, ಜೊತೆಗೆ ಆತಂಕ ಇರುವವರಿಗೆ ಕೊಡುತ್ತಾರೆ. ದಿನವಿಡೀ ಕೆಲಸ ಮಾಡುತ್ತದೆ. ಆದರೆ ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. ತಾಳ್ಮೆ ಇರಲಿ. ಶುರುವಿನ ದಿನಗಳಲ್ಲಿ ಮಗು ಸಾಯುವ ಮಾತಾಡಿದರೆ, ತೀರಾ ಬೇಸರದಲ್ಲಿದ್ದರೆ ಆ ದಿನವೇ ಡಾಕ್ಟರಿಗೆ ಹೇಳಬೇಕು. ಅಪರೂಪಕ್ಕೆ ಹಾಗಾಗುತ್ತದೆ ಅನ್ನುವ ಎಚ್ಚರಿಕೆ ಈ ಔಷಧಿಯ ಮೇಲಿದೆ. ಕಣ್ಣು ಹಳದಿಯಾದರೂ ಅಷ್ಟೇ, ಲಿವರ್ ನೋಡಿಸಬೇಕು.

ಕ್ಲೋನಿಡಿನ್ ಮೂಲತಃ ಬಿಪಿ ಔಷಧಿ. ಚಡಪಡಿಕೆ, ಮುಖ ಅಥವಾ ಭುಜ ತನ್ನಷ್ಟಕ್ಕೆ ಕುಣಿಯುವ ಟಿಕ್ಸ್ ಇರುವವರಿಗೆ, ನಿದ್ದೆ ಬಾರದವರಿಗೆ ಕೊಡುವುದುಂಟು. ತೂಕಡಿಕೆ ಬರುತ್ತದೆ. ಇದನ್ನು ಏಕಾಏಕಿ ನಿಲ್ಲಿಸಬಾರದು, ಬಿಪಿ ಒಮ್ಮೆಲೇ ಏರುತ್ತದೆ.

ಭಾನುವಾರ, ರಜೆಯಲ್ಲಿ ಮಾತ್ರೆ ಬಿಡಬಹುದಾ? ಎಷ್ಟು ವರ್ಷ ಕೊಡಬೇಕು?

ಮೀಥೈಲ್‌ಫೆನಿಡೇಟ್ ಆದರೆ ಕೆಲವು ಡಾಕ್ಟರು ರಜೆಯಲ್ಲಿ ಬಿಡುವು ಕೊಡುತ್ತಾರೆ, ಹಸಿವು ಬೆಳವಣಿಗೆ ಸುಧಾರಿಸಲಿ ಅಂತ. ಎಟಮಾಕ್ಸೆಟಿನ್, ಕ್ಲೋನಿಡಿನ್ ಹಾಗೆ ಬಿಡುವಂತಿಲ್ಲ. ನೀವಾಗಿಯೇ ತೀರ್ಮಾನ ಮಾಡಬೇಡಿ. ವರ್ಷಕ್ಕೊಮ್ಮೆಯಾದರೂ "ಇನ್ನೂ ಬೇಕಾ?" ಅಂತ ಕೇಳಿ. ಆದರೆ ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಿ ನೋಡುವ ಪ್ರಯೋಗ ಬೇಡ.

ಸಕ್ಕರೆ ಬಿಟ್ಟರೆ ಸರಿಹೋಗುತ್ತಾ? ಒಂದೆಲಗ, ಯೋಗ, ಬ್ರೈನ್ ಟ್ರೈನಿಂಗ್?

ಸಕ್ಕರೆಯಿಂದ ಎಡಿಎಚ್‌ಡಿ ಬರುವುದಿಲ್ಲ. ತಿನ್ನುವವರಿಗೂ ನೋಡುವವರಿಗೂ ಗೊತ್ತಾಗದ ಹಾಗೆ ಸಕ್ಕರೆ ಕೊಟ್ಟು 1990ರ ದಶಕದಲ್ಲೇ ನೋಡಿದ್ದಾರೆ, ಮಕ್ಕಳ ವರ್ತನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ಕಡಿಮೆ ಮಾಡಿದರೆ ಹಲ್ಲಿಗೆ ಒಳ್ಳೆಯದು, ಅದಕ್ಕೆ ಕಡಿಮೆ ಮಾಡಿ. ಕೃತಕ ಬಣ್ಣದ ತಿಂಡಿ ಕೆಲವು ಮಕ್ಕಳ ಚಡಪಡಿಕೆಯನ್ನು ಸ್ವಲ್ಪ ಹೆಚ್ಚಿಸಬಹುದು. ಒಮೆಗಾ-3ಯಿಂದ ಪ್ರಯೋಜನ ಇದ್ದರೂ ತೀರಾ ಕಡಿಮೆ.

ಒಂದೆಲಗದ ತಂಬುಳಿ ನಮ್ಮ ಮನೆಯಲ್ಲೂ ಮಾಡುತ್ತೇವೆ, ಊಟಕ್ಕೆ ರುಚಿ. ಅದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ. ಬೇರೆ ಯಾವುದೇ ಪುಡಿ, ಲೇಹ್ಯ ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ. ಆಟ, ಈಜು, ಯೋಗ, ಹೊತ್ತಿಗೆ ಸರಿಯಾದ ನಿದ್ದೆ ಎಲ್ಲಾ ಮಕ್ಕಳಿಗೂ ಒಳ್ಳೆಯದು, ಈ ಮಕ್ಕಳಿಗೆ ಇನ್ನೂ ಜಾಸ್ತಿ. ಔಷಧಿಯ ಜೊತೆಗೆ ಮಾಡಿ, ಬದಲಿಗೆ ಬೇಡ. ಮೊಬೈಲ್‌ನಿಂದ ಈ ತೊಂದರೆ ಹುಟ್ಟುತ್ತದೆ ಅಂತ ಹೇಳಲಾಗದು. ಆದರೆ ರಾತ್ರಿ ಮೊಬೈಲ್ ನೋಡಿ ನಿದ್ದೆ ಕೆಟ್ಟರೆ ಮರುದಿನ ಎಲ್ಲವೂ ಎರಡು ಪಟ್ಟು ಕಷ್ಟ.

ತಲೆಗೆ ತಂತಿ ಅಂಟಿಸಿ ಮಾಡುವ ನ್ಯೂರೋಫೀಡ್‌ಬ್ಯಾಕ್‌ಗೆ ಗಟ್ಟಿ ಪುರಾವೆ ಇಲ್ಲ. ‘ಬ್ರೈನ್’ ಅನ್ನುವ ಹೆಸರಿಟ್ಟುಕೊಂಡು ಮೂರು ತಿಂಗಳಲ್ಲಿ ಗುಣಪಡಿಸುತ್ತೇವೆ ಅಂದ ಒಂದು ಕಡೆ ನಾವು ಮುಂಗಡ ಕಟ್ಟಿದ್ದೆವು. ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಹೇಳಿಸುತ್ತಿದ್ದರು. ಆ ದುಡ್ಡಿನಲ್ಲಿ ಆರು ತಿಂಗಳ ಔಷಧಿ ಬರುತ್ತಿತ್ತು.

ಶಾಲೆಯವರಿಗೆ ಹೇಳಬೇಕಾ? ಟಿಸಿ ಕೊಟ್ಟುಬಿಟ್ಟರೆ?

ಹೇಳಿ ಅಂತಲೇ ನನ್ನ ಸಲಹೆ, ಆದರೆ ಕ್ಲಾಸ್ ಟೀಚರಿಂದ ಶುರು ಮಾಡಿ. ನಮ್ಮ ಮೊದಲ ಶಾಲೆಯವರು "ಬೇರೆ ಕಡೆ ನೋಡಿಕೊಳ್ಳಿ" ಅಂದರು. ಎರಡನೇ ಶಾಲೆಯ ಟೀಚರ್ ಒಂದೇ ಕೆಲಸ ಮಾಡಿದರು. ಅವನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿ ಮುಂದಿನ ಬೆಂಚಿಗೆ ಕೂರಿಸಿ, ಗಂಟೆಗೊಮ್ಮೆ ಡಸ್ಟರ್ ಒದರಿಕೊಂಡು ಬಾ ಅಂತ ಹೊರಗೆ ಕಳಿಸುತ್ತಿದ್ದರು. ಅವನಿಗೆ ಓಡಾಟವೂ ಆಯಿತು, ಕ್ಲಾಸಿನಲ್ಲಿ ಒಂದು ಜವಾಬ್ದಾರಿಯೂ ಸಿಕ್ಕಿತು.

ಒಂದು ಸಣ್ಣ ಪುಸ್ತಕ ಮಾಡಿ. ದಿನಕ್ಕೆ ಮೂರು ಸಾಲು: ಬೋರ್ಡ್ ಮೇಲಿನದು ಬರೆದುಕೊಂಡನಾ, ಕೈ ಎತ್ತಿ ಮಾತಾಡಿದನಾ, ಪುಸ್ತಕ ಬ್ಯಾಗಿಗೆ ಹಾಕಿಕೊಂಡನಾ. ಟೀಚರ್ ಟಿಕ್ ಹಾಕಿದರೆ ಸಾಕು. ಟಿಕ್‌ಗೆ ಮನೆಯಲ್ಲಿ ಹುಣಸೆ ಬೀಜ. ಡಾಕ್ಟರಿಗೂ ಈ ಪುಸ್ತಕ ತುಂಬಾ ಉಪಯೋಗ.

ಕಾನೂನಿನ ವಿಷಯ ಒಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಡಿಎಚ್‌ಡಿ ಹೆಸರು ಪ್ರತ್ಯೇಕವಾಗಿ ಇಲ್ಲ. ನಿರ್ದಿಷ್ಟ ಕಲಿಕಾ ತೊಂದರೆ ಇದೆ. ಮಗುವಿಗೆ ಎರಡೂ ಇದ್ದರೆ ಕಲಿಕಾ ತೊಂದರೆಯ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಅದು ಬೇಕಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಬಂದಮೇಲೆ ಓಡಾಡುವುದು ಕಷ್ಟ.

ಹೆಣ್ಣುಮಕ್ಕಳಿಗೂ ಬರುತ್ತಾ? ದೊಡ್ಡವರಿಗೆ?

ಬರುತ್ತದೆ. ಹೆಣ್ಣುಮಕ್ಕಳು ಹೆಚ್ಚಾಗಿ ಓಡಾಡಿ ಗಲಾಟೆ ಮಾಡುವುದಿಲ್ಲ, ಕೂತಲ್ಲೇ ಕಳೆದುಹೋಗುತ್ತಾರೆ. ‘ಕನಸು ಕಾಣುತ್ತಾಳೆ’, ‘ಮರೆಗುಳಿ’ ಅಂತ ಬಿಟ್ಟುಬಿಡುತ್ತಾರೆ. ಅವರನ್ನು ಗುರುತಿಸುವುದು ತುಂಬಾ ತಡವಾಗುತ್ತದೆ.

ದೊಡ್ಡವರಿಗೂ ಚಿಕಿತ್ಸೆ ಇದೆ, ಅವೇ ಔಷಧಿಗಳು. ಜೊತೆಗೆ ಕೆಲಸ ಹಂಚಿಕೊಳ್ಳುವುದು, ಹೊತ್ತು ನೋಡಿಕೊಳ್ಳುವುದು ಕಲಿಸುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ನಮ್ಮ ಮನೆಯವರು ನಲವತ್ತೆರಡನೇ ವಯಸ್ಸಿಗೆ ಶುರು ಮಾಡಿದರು. ಗಾಡಿ ಕೀ ಈಗ ಬಾಗಿಲ ಪಕ್ಕದ ಮೊಳೆಯಲ್ಲೇ ಇರುತ್ತದೆ.

ಮನೆಯ ಹಿರಿಯರು ಮಾತ್ರೆ ಬೇಡ ಅನ್ನುತ್ತಿದ್ದಾರೆ. ಏನು ಹೇಳಲಿ?

ವಾದ ಮಾಡಬೇಡಿ, ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಅತ್ತೆ "ಹುಚ್ಚಿನ ಆಸ್ಪತ್ರೆಗೆ ಕೂಸನ್ನು ಯಾಕೆ ಒಯ್ಯುತ್ತೀರಿ" ಅಂತ ಊಟ ಬಿಟ್ಟಿದ್ದರು. ಅವರನ್ನೂ ಕರೆದುಕೊಂಡು ಹೋದೆವು. ಹೊರಗೆ ಕಾಯುವ ಕಡೆ ಅಷ್ಟು ಮಕ್ಕಳನ್ನು, ಅಷ್ಟು ಅಜ್ಜಿಯರನ್ನು ನೋಡಿದರು. ಈಗ ಬೆಳಗ್ಗೆ ಮಾತ್ರೆ ಕೊಡುವುದು ಅವರೇ.

ಮೊದಲ ಸಲ ಹೋಗುವಾಗ ಏನು ತಗೊಂಡು ಹೋಗಬೇಕು?

ಶಾಲೆಯ ನೋಟ್‌ಬುಕ್‌ಗಳು, ನೀಟಾಗಿರುವವು ಬೇಡ, ಅಪೂರ್ಣ ಅಂತ ಬರೆದಿರುವವೇ ಇರಲಿ. ಎಲ್ಲಾ ವರ್ಷದ ಮಾರ್ಕ್ಸ್ ಕಾರ್ಡ್. ಟೀಚರ್ ಒಂದು ಪುಟ ಬರೆದುಕೊಟ್ಟರೆ ಅದು. ಹುಟ್ಟಿದಾಗಿನ ಆಸ್ಪತ್ರೆ ಕಾಗದ, ಲಸಿಕೆ ಕಾರ್ಡ್. ಮಗು ಮಲಗುವ, ಏಳುವ ಸಮಯ ಒಂದು ವಾರದ್ದು. ಈಗ ಕೊಡುತ್ತಿರುವ ಎಲ್ಲಾ ಔಷಧಿ. ಮಗುವಿಗೆ ಚೆನ್ನಾಗಿ ಬರುವ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅದನ್ನೂ ಡಾಕ್ಟರಿಗೆ ಅವನ ಎದುರೇ ಓದಿ ಹೇಳಿ. ಬೆಳಗ್ಗೆ ಬೇಗ ಹೋಗಿ, ಕಾಯಬೇಕಾಗುತ್ತದೆ. ಒಂದು ಚೆಂಡು, ತಿನ್ನಲು ಮಂಡಕ್ಕಿ, ನೀರಿನ ಬಾಟ್ಲಿ ಬ್ಯಾಗಿನಲ್ಲಿರಲಿ.